ಟ್ರೈಲರ್ ನಂಬಿದವರು ಹುಟ್ಟಿಸಿದ ಪದಗಳು

'ಫೌ-ಜಿ' ಗೇಮ್ ನೆನಪಿದೆಯಾ? 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಬ್ಯಾನ್ ಮಾಡಿತು. ಎರಡೇ ದಿನಕ್ಕೆ ನಟ ಅಕ್ಷಯ್ ಕುಮಾರ್ ಟ್ವಿಟರ್‌ನಲ್ಲಿ ಫೌ-ಜಿ ಪೋಸ್ಟರ್ ಹಾಕಿದರು. ಗೇಮ್ ಮಾಡುತ್ತಿದ್ದದ್ದು ನಮ್ಮ ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಕಂಪನಿ. ಅಕ್ಟೋಬರ್ ಕೊನೆಗೆ ಬರುತ್ತೆ ಅಂದರು, ಆಮೇಲೆ ನವೆಂಬರ್ ಅಂದರು, ಬಂದದ್ದು 2021ರ ಜನವರಿ 26ಕ್ಕೆ. ಅಷ್ಟರಲ್ಲಿ ಪ್ಲೇ ಸ್ಟೋರ್‌ನಲ್ಲಿ ಮೊದಲೇ ಹೆಸರು ಬರೆಸಿದವರು 40 ಲಕ್ಷ ದಾಟಿದ್ದರು.

ಪಬ್‌ಜಿಗೆ ದೇಸಿ ಉತ್ತರ ಅಂತ ಕಾದು ಕೂತಿದ್ದ ಹುಡುಗರಿಗೆ ಸಿಕ್ಕಿದ್ದು ಗಾಲ್ವಾನ್ ಕಣಿವೆಯಲ್ಲಿ ಕೈಕೈ ಮಿಲಾಯಿಸುವ ಒಂದೇ ಕಥೆ. ಬಂದೂಕಿಲ್ಲ, ಗೆಳೆಯರ ಜತೆ ಸೇರಿ ಆಡೋ ದಾರಿಯೂ ಇಲ್ಲ. ಪ್ಲೇ ಸ್ಟೋರ್‌ನಲ್ಲಿ ಒಂದು ಸ್ಟಾರ್‌ಗಳ ಸುರಿಮಳೆ ಆಯ್ತು. ನಮ್ಮ ಕಡೆ ಅದಕ್ಕೆ ಸಿಕ್ಕ ಬಿರುದುಗಳು ಸಿನಿಮಾದಿಂದ ಬಂದವೇ: ತೋಪು, ಡಬ್ಬಾ, ಬರೀ ಬಿಲ್ಡಪ್ಪು.

ಹೊರದೇಶದಲ್ಲಿ ಗೇಮ್ ಆಡೋರು ಸಿನಿಮಾದಿಂದ ಪದ ಸಾಲ ತರಲಿಲ್ಲ. ಕೈಕೊಟ್ಟ ಗೇಮಿನ ಹೆಸರನ್ನೇ ತಿರುಚಿ ಪದ ಮಾಡಿಕೊಂಡರು. 'ಡ್ಯೂಕ್ ನ್ಯೂಕೆಮ್ ಫಾರೆವರ್' ಅಂತ ಒಂದು ಗೇಮ್. 1997ರಲ್ಲಿ ಘೋಷಣೆ ಆಯ್ತು, ಅಂಗಡಿಗೆ ಬಂದದ್ದು 2011ರಲ್ಲಿ. ಯಾವಾಗ ಬರುತ್ತೆ ಅಂದರೆ ಕಂಪನಿಯದು ಒಂದೇ ಉತ್ತರ, 'ಮುಗಿದಾಗ'. ಜನ ಅದನ್ನ 'ಡ್ಯೂಕ್ ನ್ಯೂಕೆಮ್ ನೆವರ್' ಅಂತ ಕರೆದರು. 14 ವರ್ಷ ಕಾಯಿಸಿ ಬಂದದ್ದೂ ಬೆಟ್ಟ ಅಗೆದು ಇಲಿ ಹಿಡಿದ ಹಾಗೇ ಇತ್ತು.

ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಕಂಪನಿಯ 'ಸೈಬರ್‌ಪಂಕ್ 2077' ಇನ್ನೂ ದೊಡ್ಡ ಕಥೆ. ಒಂದೇ ವರ್ಷದಲ್ಲಿ ಮೂರು ಸಲ ಮುಂದೆ ಹೋಗಿ 2020ರ ಡಿಸೆಂಬರ್ 10ಕ್ಕೆ ಬಂತು. 80 ಲಕ್ಷ ಜನ ಮೊದಲೇ ದುಡ್ಡು ಕಟ್ಟಿ ಬುಕ್ ಮಾಡಿದ್ದರು. ಹಳೆ ಪ್ಲೇಸ್ಟೇಷನ್‌ನಲ್ಲಿ ಅದು ನೆಟ್ಟಗೆ ಓಡಲೇ ಇಲ್ಲ. ಸುಮಾರು ಒಂದು ವಾರದಲ್ಲಿ ಸೋನಿ ತನ್ನ ಸ್ಟೋರ್‌ನಿಂದ ಅದನ್ನ ತೆಗೆದುಹಾಕಿ ದುಡ್ಡು ವಾಪಸ್ ಕೊಡ್ತೀವಿ ಅಂತು. ಜನ ಇಟ್ಟ ಹೆಸರು 'ಸೈಬರ್‌ಬಗ್ 2077'. ಬಗ್ ಅಂದರೆ ಸಾಫ್ಟ್‌ವೇರ್‌ನಲ್ಲಿ ಉಳಿದ ತಪ್ಪು, ಹುಳ ಅಂತಲೂ ಅರ್ಥ.

ನಮಗೆ ಬಹಳ ಹಿಡಿಸಿದ ಪದ 'ಬುಲ್‌ಶಾಟ್'. ಸ್ಕ್ರೀನ್‌ಶಾಟ್ ಅನ್ನೋದಕ್ಕೆ ಇಂಗ್ಲಿಷಿನ ಒಂದು ಬೈಗುಳ ಕಸಿ ಮಾಡಿದ್ದಾರೆ. ಆಟದಲ್ಲಿ ಎಲ್ಲೂ ಇಲ್ಲದಷ್ಟು ಹೊಳಪು ಬಳಿದು, ಜಾಹೀರಾತಿಗೆ ಅಂತಲೇ ತಯಾರಿಸಿದ ಫೋಟೊ ಅದು. ರೈತರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಬೀಜದ ಪ್ಯಾಕೆಟ್ ಮೇಲಿನ ಟೊಮ್ಯಾಟೊ ಒಮ್ಮೆ ನೋಡಿ, ಹೊಲಕ್ಕೆ ಹೋಗಿ ಇನ್ನೊಮ್ಮೆ ನೋಡಿ.

ಈ ಪದಗಳನ್ನ ಹುಡುಗರ ತಮಾಷೆ ಅಂತ ಪಕ್ಕಕ್ಕಿಡೋರಿದ್ದಾರೆ. ನಾವು ಇವನ್ನ ಗ್ರಾಹಕರ ದೂರು ಅಂತಲೇ ಓದ್ತೀವಿ. ಟ್ರೈಲರ್‌ಗೆ ಕಂಪನಿ ಕೋಟಿ ಸುರಿಯುತ್ತೆ, ಆಡೋನ ಕೈಲಿರೋದು ಒಂದು ಪದ. ಅದು ಬಾಯಿಂದ ಬಾಯಿಗೆ ಹೋದರೆ ಮುಂದಿನವನ ದುಡ್ಡು ಉಳಿಯುತ್ತೆ. ಕಂಪನಿಗಳ ಪ್ರೆಸ್ ನೋಟ್‌ನಲ್ಲಿ 'ಬಹುನಿರೀಕ್ಷಿತ' ಅನ್ನೋ ಮಾತು ಇದ್ದೇ ಇರುತ್ತೆ. ಯಾರು ನಿರೀಕ್ಷಿಸಿದ್ದು ಅಂತ ಮಾತ್ರ ಯಾರೂ ಕೇಳಲ್ಲ.

ಆದರೆ ಒಂದು ಮಾತು. ಇಂಗ್ಲೆಂಡಿನ ಹಲೋ ಗೇಮ್ಸ್ ಅನ್ನೋ ಸಣ್ಣ ತಂಡ 2016ರ ಆಗಸ್ಟ್‌ನಲ್ಲಿ 'ನೋ ಮ್ಯಾನ್ಸ್ ಸ್ಕೈ' ತಂತು. ಲೆಕ್ಕ ಸಿಗದಷ್ಟು ಗ್ರಹಗಳು, ಅಲ್ಲಿ ಬೇರೆ ಆಟಗಾರರು ಎದುರಾದರೂ ಆಗಬಹುದು ಅಂತ ತಂಡದ ಮುಖ್ಯಸ್ಥ ಶಾನ್ ಮರ್ರೆ ಹೇಳಿದ್ದರು. ಬಿಡುಗಡೆಯಾದ ದಿನಗಳಲ್ಲೇ ಇಬ್ಬರು ಆಟಗಾರರು ಒಂದೇ ಗ್ರಹದ ಒಂದೇ ಜಾಗಕ್ಕೆ ಹೋಗಿ ನಿಂತರು. ಒಬ್ಬರಿಗೊಬ್ಬರು ಕಾಣಲಿಲ್ಲ. 'ನೋ ಮ್ಯಾನ್ಸ್ ಲೈ' ಅನ್ನೋ ಹೆಸರು ಅಂಟಿತು, ಲೈ ಅಂದರೆ ಸುಳ್ಳು. ಬೈಗುಳದ ಜತೆ ಕೊಲೆ ಬೆದರಿಕೆಯೂ ಹೋಯ್ತು, ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ತಂಡ ಬಾಯಿ ಮುಚ್ಚಿ ಕೆಲಸಕ್ಕೆ ಕೂತಿತು. ಒಂದಾದ ಮೇಲೊಂದು ಅಪ್‌ಡೇಟ್ ಪುಕ್ಕಟೆ ಕೊಟ್ಟಿತು. 2018ರ ಜುಲೈ ಹೊತ್ತಿಗೆ ಆಟಗಾರರು ಒಬ್ಬರನ್ನೊಬ್ಬರು ನೋಡುವ ಹಾಗಾಯ್ತು. ಈಗ ಯಾವುದಾದರೂ ಗೇಮ್ 'ನೋ ಮ್ಯಾನ್ಸ್ ಸ್ಕೈ ಮಾಡಿತು' ಅಂದರೆ ಕೆಟ್ಟು ಸುಧಾರಿಸಿತು ಅಂತ ಅರ್ಥ. ಸೈಬರ್‌ಪಂಕ್ ಕೂಡ 2023ರ ಹೊತ್ತಿಗೆ ಹಾಗೇ ಎದ್ದು ನಿಂತಿತು.

ಹಾಗಾಗಿ ಬೈಗುಳ ಯಾರಿಗೆ ಅಂತ ನೋಡಿ ಬೈಯಬೇಕು. ಸೈಬರ್‌ಪಂಕ್ ಬಿಡುಗಡೆಗೆ ಮುಂಚೆ ಅಲ್ಲಿನ ನೌಕರರು ವಾರಕ್ಕೆ ಆರು ದಿನ ದುಡಿದಿದ್ದರು. ತಾರೀಖು ಗೊತ್ತು ಮಾಡಿದ್ದು ಅವರಲ್ಲ. ಫೌ-ಜಿಗೆ ಒಂದು ಸ್ಟಾರ್ ಒತ್ತಿದವರಲ್ಲೂ ಪಬ್‌ಜಿ ಹೋದ ಸಿಟ್ಟು ತೀರಿಸಿಕೊಂಡವರಿದ್ದರು. ಗುಂಪು ಕಟ್ಟಿಕೊಂಡು ಹೀಗೆ ಸ್ಟಾರ್ ಇಳಿಸೋದಕ್ಕೂ 'ರಿವ್ಯೂ ಬಾಂಬಿಂಗ್' ಅಂತ ಹೆಸರಿದೆ.

ಫ್ರೀ ಗೇಮ್ ತಾನೇ, ಹೋದರೆ ಹೋಯ್ತು ಅನ್ನೋರಿಗೆ ಹೇಳ್ತೀವಿ: ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಹಾಕಿಸಿಕೊಳ್ಳೋ ಮನೆಯಲ್ಲಿ ಗೇಮ್ ಇಳಿಸೋದರಲ್ಲೇ ಆವತ್ತಿನ ನೆಟ್ ಖಾಲಿ. ತಂಗಿಯ ಆನ್‌ಲೈನ್ ಪಾಠಕ್ಕೂ ಅದೇ ಫೋನು. ಡ್ರೆಸ್ಸು, ಬಂದೂಕಿನ ಬಣ್ಣ ಅಂತ ಒಳಗೆ ಕೀಳೋ ದುಡ್ಡು ಬೇರೆ.

ಹೊಸ ಗೇಮ್ ಬಂದರೆ ಒಂದು ವಾರ ತಡೀರಿ. ಟ್ರೈಲರ್ ಬಿಟ್ಟು, ನಿಮ್ಮ ಫೋನಿನಷ್ಟೇ ಬೆಲೆಯ ಫೋನ್‌ನಲ್ಲಿ ಯಾರಾದರೂ ಆಡಿದ ವಿಡಿಯೊ ಹುಡುಕಿ. ಹಾಂ, ಬುಲ್‌ಶಾಟ್‌ಗೆ ನಮ್ಮಲ್ಲಿ ಸರಿಯಾದ ಪದ ಇನ್ನೂ ಸಿಕ್ಕಿಲ್ಲ. ನಿಮ್ಮೂರ ಹುಡುಗರು ಏನಂತಾರೆ, ಬರೆದು ಕಳಿಸಿ.