ಟವೆಲ್ ಹಾಕಿದ ಸೀಟು



ಹೊಸದುರ್ಗದ ಬಸ್ ನಿಲ್ದಾಣದಲ್ಲಿ ಸಂತೆಯ ದಿನ ನಿಂತವರಿಗೆ ಈ ದೃಶ್ಯ ಅಪರಿಚಿತವಲ್ಲ. ಬಸ್ಸು ಇನ್ನೂ ತಿರುಗಿ ನಿಲ್ಲುವಷ್ಟರಲ್ಲಿಯೇ ಒಬ್ಬಾತ ಓಡಿಹೋಗಿ ಕಿಟಕಿಯ ಮೂಲಕ ಒಂದು ಟವೆಲನ್ನು ಒಳಗೆ ಹಾಕುತ್ತಾನೆ. ಸೀಟು ತನ್ನದಾಯಿತೆಂಬ ನೆಮ್ಮದಿಯಿಂದ ಟೀ ಕುಡಿಯಲು ಹೋಗುತ್ತಾನೆ. ಸ್ವಲ್ಪ ಹೊತ್ತು ಆ ಟವೆಲಿಗೆ ಎಲ್ಲರೂ ಮರ್ಯಾದೆ ಕೊಡುತ್ತಾರೆ. ಆದರೆ ಕಂಡಕ್ಟರ್ 'ರೈಟ್' ಎಂದು ಸೀಟಿ ಊದಿದ ಮೇಲೆ ಕೊಡುವುದಿಲ್ಲ. ಹಿಂತಿರುಗಿ ಓಡಿಬಂದವನಿಗೆ ಸಿಕ್ಕರೆ ಟವೆಲ್ ಸಿಗುತ್ತದೆ, ಸೀಟು ಸಿಗುವುದಿಲ್ಲ.

ಅಮೆರಿಕದಲ್ಲಿ ಉದ್ಯೋಗದಲ್ಲಿರುವ ನನ್ನ ಶಿಷ್ಯರಲ್ಲಿ ಕೆಲವರು ಕೆನಡಾ ದೇಶದ ಖಾಯಂ ನಿವಾಸಿಯ ಹಕ್ಕನ್ನು ಈ ಟವೆಲಿನಂತೆಯೇ ಬಳಸುತ್ತಿರುವುದನ್ನು ಹಲವು ವರ್ಷಗಳಿಂದ ನೋಡುತ್ತಿದ್ದೇನೆ. ಆ ಬಗ್ಗೆ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಬೇಕೆನಿಸಿದೆ. ಹೇಳುವ ಅರ್ಹತೆ ನನಗಿದೆಯೇ ಎಂಬುದು ಬೇರೆಯ ಪ್ರಶ್ನೆ. ಈ ವಿಷಯದಲ್ಲಿ ತಪ್ಪು ಸಲಹೆ ಕೊಟ್ಟವರ ಪೈಕಿ ನಾನೂ ಒಬ್ಬ.

ಹೊಳಲ್ಕೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತಿದ್ದಾಗ, ಹೊಸದುರ್ಗದ ಗಡಿಯ ಹಳ್ಳಿಯೊಂದರಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಹುಡುಗನೊಬ್ಬನಿದ್ದ. 1995ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಕೆಲವು ವರ್ಷ ದುಡಿದು, 2008ರಲ್ಲಿ ಎಚ್-1ಬಿ ವೀಸಾದ ಮೇಲೆ ಅಮೆರಿಕಕ್ಕೆ ಹೋದ. ಜೊತೆಯಲ್ಲಿ ಹೆಂಡತಿ, ನಾಲ್ಕು ವರ್ಷದ ಮಗಳು. ಅವನ ತಂದೆ ನನ್ನ ಸ್ನೇಹಿತರು. ಆರು ಎಕರೆ ತೆಂಗಿನ ತೋಟದ ಯಜಮಾನರು. ಬರದ ವರ್ಷಗಳಲ್ಲಿ ಆ ತೋಟದ ಅರ್ಧದಷ್ಟು ಮರಗಳು ಸುಳಿ ಒಣಗಿ ನಿಂತಾಗ ಕೊರೆಸಿದ ಕೊಳವೆಬಾವಿಗಳಿಗೆಲ್ಲ ಮಗನ ಡಾಲರೇ ಆಧಾರವಾಗಿತ್ತು.

ಎಚ್-1ಬಿ ಎಂಬುದು ಮೂರು ವರ್ಷದ ಗುತ್ತಿಗೆ. ಇನ್ನೊಮ್ಮೆ ಮೂರು ವರ್ಷಕ್ಕೆ ಮುಂದುವರಿಸಬಹುದು. ಗ್ರೀನ್ ಕಾರ್ಡಿಗೆ ಕಂಪನಿ ಸಲ್ಲಿಸಿದ ಅರ್ಜಿಗೆ ಮೊದಲ ಹಂತದ ಒಪ್ಪಿಗೆ ದೊರೆತಿದ್ದರೆ, ಸರದಿ ಬರುವವರೆಗೆ ನವೀಕರಿಸುತ್ತಾ ಹೋಗಬಹುದು. ತೊಡಕಿರುವುದು ಆ ಸರದಿಯಲ್ಲಿಯೇ. ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡುಗಳು. ಹೆಂಡತಿ ಮಕ್ಕಳೂ ಆ ಲೆಕ್ಕದೊಳಗೇ ಸೇರುತ್ತಾರೆ. 1990ರ ಕಾನೂನಿನ ಪ್ರಕಾರ ಯಾವುದೇ ಒಂದು ದೇಶದವರಿಗೆ ಸಾಮಾನ್ಯವಾಗಿ ಶೇಕಡಾ 7ಕ್ಕಿಂತ ಹೆಚ್ಚು ಸಲ್ಲುವುದಿಲ್ಲ. ನೂರ ನಲವತ್ತು ಕೋಟಿ ಜನರ ಭಾರತಕ್ಕೂ ನಾಲ್ಕು ಲಕ್ಷ ಜನರ ಐಸ್‌ಲ್ಯಾಂಡಿಗೂ ಒಂದೇ ಮಿತಿ. ಪರಿಣಾಮವಾಗಿ, 2025ರಲ್ಲಿ ಭಾರತೀಯ ಇಂಜಿನಿಯರುಗಳ ಸಾಮಾನ್ಯ ವರ್ಗಗಳಲ್ಲಿ ಸರದಿ ಬಂದದ್ದು 2013ರ ಆಸುಪಾಸಿನ ಅರ್ಜಿಗಳಿಗೆ. ನನ್ನ ಶಿಷ್ಯನ ಅರ್ಜಿ 2015ರದು.

ತೆಂಗು ಬೆಳೆಯುವ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗುತ್ತಿಗೆ ಹೊಲದಲ್ಲಿ ರಾಗಿ ಬಿತ್ತುತ್ತಾರೆ, ಶೇಂಗಾ ಬಿತ್ತುತ್ತಾರೆ; ಯಾರೂ ತೆಂಗಿನ ಸಸಿ ಇಡುವುದಿಲ್ಲ. ಆದರೆ ಮಕ್ಕಳು ತೆಂಗಿನ ಸಸಿಗಳೇ ಅಲ್ಲವೇ? ಇಲ್ಲಿ ಹುಟ್ಟಿ ತಂದೆತಾಯಿಯರೊಡನೆ ಅಲ್ಲಿಗೆ ಹೋದ ಮಗು ತಂದೆಯ ವೀಸಾದ ನೆರಳಿನಲ್ಲಿರುವುದು 21 ವರ್ಷ ತುಂಬುವವರೆಗೆ ಮಾತ್ರ. ಅಷ್ಟರೊಳಗೆ ತಂದೆಯ ಸರದಿ ಬಾರದಿದ್ದರೆ, ಅದು ವಿದ್ಯಾರ್ಥಿ ವೀಸಾದಂತಹ ಬೇರೊಂದು ದಾರಿ ಹುಡುಕಿಕೊಳ್ಳಬೇಕು, ಇಲ್ಲವೇ ದೇಶ ಬಿಡಬೇಕು. ಅದೇ ಮನೆಯಲ್ಲಿ, ಅಮೆರಿಕದಲ್ಲಿ ಹುಟ್ಟಿದ ತಮ್ಮ ಆ ದೇಶದ ಪ್ರಜೆ, ಅಕ್ಕ ಪರದೇಶಿ. ನನ್ನ ಶಿಷ್ಯನ ಮನೆಯ ಸ್ಥಿತಿ ನಿಖರವಾಗಿ ಇದೇ.

2016ರಲ್ಲಿ ಅವನು ಕೆನಡಾಕ್ಕೆ ಅರ್ಜಿ ಹಾಕಲು ನಿರ್ಧರಿಸಿದ. ಅಲ್ಲಿನ ಪದ್ಧತಿ ಬೇರೆ. ಯಾವ ದೇಶದವನು ಎಂಬುದಕ್ಕಿಂತ ವಯಸ್ಸು, ವಿದ್ಯೆ, ಭಾಷೆ, ಅನುಭವ ಇವುಗಳಿಗೆ ಅಂಕ ಕೊಡುವ ಕ್ರಮವನ್ನು ಕೆನಡಾ 1967ರಲ್ಲಿಯೇ ತಂದಿತ್ತು; 2015ರ ಜನವರಿಯಿಂದ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಹೆಸರಿನಲ್ಲಿ ಎಲ್ಲವೂ ಗಣಕಯಂತ್ರದ ಮೂಲಕ ನಡೆಯತೊಡಗಿತು. ನಮ್ಮ ಪದವಿ ಅಲ್ಲಿನ ಪದವಿಗೆ ಸಮವೆಂದು ತೋರಿಸಲು ವಿಶ್ವವಿದ್ಯಾಲಯವೇ ಮೊಹರು ಮಾಡಿದ ಲಕೋಟೆಯಲ್ಲಿ ಅಂಕಗಳ ವಿವರವನ್ನು ಕಳುಹಿಸಬೇಕಾಗಿತ್ತು. ಆ ಕೆಲಸಕ್ಕಾಗಿ ಅವನ ತಂದೆಯೂ ನಾನೂ ಶಿವಮೊಗ್ಗದ ಮೇಲೆ ಶಂಕರಘಟ್ಟಕ್ಕೆ ಹೋಗಿ, ಕುವೆಂಪು ವಿಶ್ವವಿದ್ಯಾಲಯದಲ್ಲಿ ಒಂದು ಹಗಲು ಕಳೆದು ಬಂದೆವು. ದಾರಿಯುದ್ದಕ್ಕೂ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಮೇಷ್ಟ್ರೇ, ಅಮೆರಿಕದಲ್ಲಿ ಇದ್ದೋನು ಕೆನಡಾಗೆ ಯಾಕೆ ಹೋಗ್ಬೇಕು? ಅದು ಮೇಲಕ್ಕೋ ಕೆಳಕ್ಕೋ?"

ಭೂಪಟದಲ್ಲಾದರೆ ಮೇಲಕ್ಕೆ ಎಂದು ನಕ್ಕಿದ್ದೆ.

2017ರ ಜೂನ್‌ನಲ್ಲಿ ಸಂಸಾರ ಸಮೇತ ನಯಾಗರ ನದಿಯ ಸೇತುವೆ ದಾಟಿ, ಗಡಿಯ ಕಚೇರಿಯಲ್ಲಿ ಖಾಯಂ ನಿವಾಸಿಗಳೆಂದು ಮುದ್ರೆ ಹಾಕಿಸಿಕೊಂಡು, ಜಲಪಾತ ನೋಡಿ, ನಾಲ್ಕನೆಯ ದಿನ ಅಮೆರಿಕದ ಮನೆಗೆ ಮರಳಿದರು. ಐದು ವರ್ಷದ ಕಾರ್ಡು ಕೈಗೆ ಬಂತು. ಟವೆಲ್ ಹಾಕಿದ್ದಾಯಿತು.

ಆ ಹಕ್ಕಿಗೆ ಒಂದು ಷರತ್ತಿದೆ: ಐದು ವರ್ಷಗಳ ಅವಧಿಯಲ್ಲಿ ಒಟ್ಟು 730 ದಿನ ಕೆನಡಾದಲ್ಲಿ ವಾಸವಾಗಿರಬೇಕು. ಅಂದರೆ ಅವನು 2020ರ ಜೂನ್‌ನೊಳಗೆ ಹೊರಡಲೇಬೇಕಿತ್ತು. 2019ರ ದೀಪಾವಳಿಯ ಮರುದಿನ ನನಗೆ ದೂರವಾಣಿ ಮಾಡಿದ. ಒಂಟಾರಿಯೊದಲ್ಲಿ ಕೆಲಸ ಸಿಕ್ಕಿದೆ, ಸಂಬಳ ಈಗಿನದರ ಮೂರರಲ್ಲಿ ಎರಡು ಪಾಲು, ಅಪ್ಪ ಒಪ್ಪುತ್ತಿಲ್ಲ, ನೀವು ಏನು ಹೇಳುತ್ತೀರಿ ಸಾರ್ ಎಂದ. ನಾನು ಹೇಳಿದ್ದು ಇಷ್ಟು: "ದುಡುಕಬೇಡಪ್ಪ. ಇಷ್ಟು ವರ್ಷ ಕಾದಿದ್ದೀಯ, ಇನ್ನೊಂದೆರಡು ವರ್ಷ ಕಾಯಿ. ಕಾರ್ಡು ಹೇಗೂ ಕೈಯಲ್ಲಿದೆಯಲ್ಲ." ಹೇಳುವಾಗ ನನ್ನ ಮನಸ್ಸಿನಲ್ಲಿದ್ದದ್ದು ಅವನ ಮಗಳ ವಯಸ್ಸಲ್ಲ, ಅವನ ತಂದೆಯ ಕೊಳವೆಬಾವಿಯ ಸಾಲ. ಮದುವೆಮನೆಯ ಪಂಕ್ತಿಯಲ್ಲಿ "ಅಮೆರಿಕ ಬಿಟ್ಟನಂತೆ, ಕೆಲಸ ಹೋಯಿತೇನೋ" ಎಂದು ಯಾರಾದರೂ ಅಂದಾರು ಎಂಬ ಅಳುಕು ಅವರಿಗಿತ್ತು. ಸತ್ಯ ಹೇಳಬೇಕೆಂದರೆ ನನಗೂ ಇತ್ತು. 'ನನ್ನ ಶಿಷ್ಯ ಅಮೆರಿಕದಲ್ಲಿದ್ದಾನೆ' ಎಂದು ಚಿತ್ರದುರ್ಗದಲ್ಲಿ ಹೇಳಿಕೊಳ್ಳುವುದರ ಸುಖ ಸಣ್ಣದೇನಲ್ಲ.

2020ರ ಮಾರ್ಚಿನಲ್ಲಿ ಕೋವಿಡ್ ಬಂತು. ಗಡಿ ಅನಗತ್ಯ ಸಂಚಾರಕ್ಕೆ ಮುಚ್ಚಿತು. ಖಾಯಂ ನಿವಾಸಿಗಳಿಗೆ ಆಗಲೂ ಪ್ರವೇಶವಿತ್ತು. ಆದರೆ ಅಂತಹ ಕಾಲದಲ್ಲಿ ಮನೆ ಕಟ್ಟಿಕೊಂಡು ಹೊರಡುವವರು ಯಾರು? 2022ರಲ್ಲಿ ಕಾರ್ಡಿನ ಅವಧಿ ಮುಗಿಯಿತು. ಕಾರ್ಡು ಮುಗಿದ ಮಾತ್ರಕ್ಕೆ ಹಕ್ಕು ತಾನಾಗಿಯೇ ಅಳಿಯುವುದಿಲ್ಲ, ಅದನ್ನು ಅಧಿಕಾರಿಯೊಬ್ಬರು ನಿರ್ಣಯಿಸಬೇಕು ಎಂಬುದು ನಿಜ. ಆದರೆ ನಾಲ್ಕು ದಿನ ವಾಸ ಮಾಡಿದವನು ಆ ಅಧಿಕಾರಿಯ ಮುಂದೆ ಏನೆಂದು ವಾದಿಸಿಯಾನು?

ಹೊಸದಾಗಿ ಅರ್ಜಿ ಹಾಕಬಹುದಲ್ಲ ಎನ್ನುವವರಿದ್ದಾರೆ. ಅಲ್ಲಿ ವಯಸ್ಸಿಗೆ ಕೊಡುವ ಅಂಕ 30ರಿಂದ ಇಳಿಯತೊಡಗಿ 45ಕ್ಕೆ ಸೊನ್ನೆಯಾಗುತ್ತದೆ. ಅವನಿಗೆ 45 ದಾಟಿದೆ. ಕೆನಡಾದ ಉತ್ಸಾಹವೂ ಮೊದಲಿನಂತಿಲ್ಲ. 2023ರ ಜುಲೈನಲ್ಲಿ ಅಮೆರಿಕದ ಎಚ್-1ಬಿ ಉದ್ಯೋಗಿಗಳಿಗೆಂದೇ 10,000 ಕೆಲಸದ ಪರವಾನಗಿಗಳನ್ನು ತೆರೆದಾಗ ಎರಡೇ ದಿನಗಳೊಳಗೆ ಭರ್ತಿಯಾದವು. ಮರುವರ್ಷವೇ, 2024ರ ಅಕ್ಟೋಬರಿನಲ್ಲಿ, 2025ಕ್ಕೆ ನಿಗದಿಯಾಗಿದ್ದ 5,00,000 ಖಾಯಂ ನಿವಾಸಿಗಳ ಗುರಿಯನ್ನು 3,95,000ಕ್ಕೆ ಇಳಿಸಿದರು. ಅಮೆರಿಕದಲ್ಲಿ 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗಳ ಮೇಲೆ 1,00,000 ಡಾಲರ್ ಶುಲ್ಕದ ಘೋಷಣೆ ಬಂದ ರಾತ್ರಿ ನನ್ನ ಫೋನು ಒಂದೇ ಸಮನೆ ಬಡಿದುಕೊಂಡಿತು. ಕೆನಡಾ ಹೇಗೆ ಸಾರ್ ಎಂದು ಕೇಳಿದವರಲ್ಲಿ ಹೆಚ್ಚಿನವರು ನಲವತ್ತು ದಾಟಿದವರು.

ಕೆನಡಾ ಸ್ವರ್ಗವೆಂದು ನಾನು ಹೇಳುತ್ತಿಲ್ಲ. ಸಂಬಳ ಕಡಿಮೆ, ಟೊರಾಂಟೊ, ವ್ಯಾಂಕೂವರುಗಳಲ್ಲಿ ಮನೆಯ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಸರ್ಕಾರಿ ವೈದ್ಯಕೀಯ ಸೇವೆ ಇದ್ದರೂ ಕುಟುಂಬ ವೈದ್ಯರು ಸಿಗುವುದು ಕಷ್ಟವೆಂದು ಅಲ್ಲಿರುವವರೇ ಹೇಳುತ್ತಾರೆ. ವೈದ್ಯರು, ದಾದಿಯರು, ಶಿಕ್ಷಕರು ಅಲ್ಲಿನ ಪರವಾನಗಿಯನ್ನು ಮೊದಲಿನಿಂದ ಪಡೆಯಬೇಕು. (ನನ್ನ ಬಿ.ಎಡ್. ಪ್ರಮಾಣಪತ್ರವನ್ನು ಅಲ್ಲಿ ಯಾರೂ ಮೂಸಿಯೂ ನೋಡಲಾರರು.) ಚಳಿಯ ಮಾತಂತೂ ಬೇಡ, ಹಿರಿಯೂರಿನ ಬಿಸಿಲಿನಲ್ಲಿ ಬೆಳೆದ ನನ್ನ ಸೋದರಮಾವನ ಮಗಳು ಜನವರಿಯಲ್ಲಿ ವಿನ್ನಿಪೆಗ್‌ನಿಂದ ಮಾತಾಡುವಾಗ ಅಳುವಿಗೂ ನೆಗಡಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ಆದರೆ ಅವಳು ತನ್ನ ಸೀಟಿನಲ್ಲಿ ಕುಳಿತಿದ್ದಾಳೆ. ಐದು ವರ್ಷಗಳಲ್ಲಿ 1,095 ದಿನ ವಾಸವಿದ್ದರೆ ಅಲ್ಲಿ ಪೌರತ್ವಕ್ಕೆ ಅರ್ಜಿ ಹಾಕಬಹುದು. ಅವಳು ಹಾಕಿದಳು, ಆಯಿತು. ತಂದೆತಾಯಿಯರಿಗೆ ಸೂಪರ್ ವೀಸಾ ಎಂಬುದಿದೆ. 2022ರಿಂದ ಒಮ್ಮೆ ಹೋದರೆ ಐದು ವರ್ಷದವರೆಗೂ ಇರಬಹುದು. ವಿಮೆಯ ಹಣ ಕಟ್ಟಬೇಕು, ಅದು ಅಗ್ಗವಲ್ಲ. ಅಮೆರಿಕದ ಸಂದರ್ಶಕ ವೀಸಾದಲ್ಲಾದರೆ ಸಾಮಾನ್ಯವಾಗಿ ಆರು ತಿಂಗಳು. ಇನ್ನೊಂದು ಉದಾಹರಣೆ ನಮ್ಮ ನೆರೆಯದೇ. ಹಿರಿಯೂರು ದಾಟಿದರೆ ಸಿಗುವ ಶಿರಾ ತಾಲ್ಲೂಕಿನ ದ್ವಾರಾಳು ಗ್ರಾಮದ ಚಂದ್ರ ಆರ್ಯ ಅವರು 2006ರಲ್ಲಿ ಕೆನಡಾಕ್ಕೆ ವಲಸೆ ಹೋದರು. 2015ರಲ್ಲಿ ನೇಪಿಯನ್ ಕ್ಷೇತ್ರದಿಂದ ಸಂಸತ್ತಿಗೆ ಆಯ್ಕೆಯಾಗಿ 2025ರವರೆಗೆ ಸದಸ್ಯರಾಗಿದ್ದರು. 2022ರ ಮೇ ತಿಂಗಳಲ್ಲಿ ಆ ಸದನದಲ್ಲಿ ಕನ್ನಡದಲ್ಲಿ ಮಾತನಾಡಿದ್ದನ್ನು ನಾವೆಲ್ಲ ನೋಡಿದ್ದೇವೆ. ಅವರ ರಾಜಕೀಯ ಒಪ್ಪಿಗೆಯಾಗುವುದು ಬಿಡುವುದು ಬೇರೆ ಮಾತು. ನಾನು ಗಮನಿಸುವುದು ವರ್ಷಗಳನ್ನು. ವಲಸೆ ಹೋದ ಒಂಬತ್ತು ವರ್ಷಕ್ಕೆ ಸಂಸದ. ನನ್ನ ಶಿಷ್ಯ ಅಮೆರಿಕಕ್ಕೆ ಹೋಗಿ ಹದಿನೇಳು ವರ್ಷವಾದ ಮೇಲೂ ಕೆಲಸ ಹೋದರೆ 60 ದಿನಗಳಲ್ಲಿ ಇನ್ನೊಂದನ್ನು ಹುಡುಕಬೇಕಾದವನು.

ಆದ್ದರಿಂದ ನನ್ನ ಅಭಿಪ್ರಾಯ ಇದು. ಅಮೆರಿಕದಲ್ಲಿರುವ ನನ್ನ ಶಿಷ್ಯರು ಗ್ರೀನ್ ಕಾರ್ಡಿನ ಸರದಿಯನ್ನು ಎಣಿಸುವ ಮೊದಲು ಭಾರತದಲ್ಲಿ ಹುಟ್ಟಿದ ತಮ್ಮ ಮಕ್ಕಳ ವಯಸ್ಸನ್ನು ಎಣಿಸಲಿ. ಮಗುವಿಗೆ ಹತ್ತು ದಾಟುವುದರೊಳಗೆ, ತಮಗೆ ನಲವತ್ತು ದಾಟುವುದರೊಳಗೆ ನಿರ್ಧಾರವಾಗಬೇಕು. ಮಕ್ಕಳೆಲ್ಲ ಅಲ್ಲಿಯೇ ಹುಟ್ಟಿದವರಾದರೆ, ಇಲ್ಲವೇ ಮಕ್ಕಳಿಲ್ಲದವರಾದರೆ, ಕಾಯುವುದರಲ್ಲಿ ಅಷ್ಟು ಅಪಾಯವಿಲ್ಲ, ಬೇಕಾದರೆ ಕಾಯಲಿ. ಆದರೆ ಕೆನಡಾದ ಹಕ್ಕನ್ನು ಪಡೆದವರು ಹೊರಡುವ ದಿನಾಂಕವನ್ನೂ ಅಂದೇ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಲಿ. ಬರೆದುಕೊಳ್ಳಲಾಗದಿದ್ದರೆ ಆ ಹಕ್ಕು ಪಡೆಯುವುದೇ ಬೇಡ. ಅದು ಕೈಯಲ್ಲಿದೆ ಎಂಬ ಧೈರ್ಯದಿಂದಲೇ ಮನುಷ್ಯ ಮಾಡಬೇಕಾದ ಇನ್ನೊಂದು ಏರ್ಪಾಡನ್ನು ಮಾಡದೆ ಕುಳಿತುಬಿಡುತ್ತಾನೆ. ನನ್ನ ಶಿಷ್ಯನಿಗಾದದ್ದು ಇದೇ.

ಇನ್ನು ನನ್ನ ವಯಸ್ಸಿನವರಿಗೆ ಒಂದು ಮಾತು. ನಾವು ದಯವಿಟ್ಟು ಸುಮ್ಮನಿರೋಣ. ಮಗ ಯಾವ ದೇಶದಲ್ಲಿದ್ದಾನೆಂಬುದು ನಮ್ಮ ಮದುವೆಮನೆಯ ಮಾತಿನ ಸರಕಲ್ಲ. ಸಾಲವಿದ್ದರೆ ಆ ಮಾತನ್ನು ನೇರವಾಗಿ ಹೇಳೋಣ. ಎಷ್ಟು, ಯಾವಾಗ ತೀರುತ್ತದೆ ಎಂದು ಲೆಕ್ಕ ಹಾಕೋಣ. ಅದನ್ನು ಅಮೆರಿಕದ ಮೇಲಿನ ಗೌರವವೆಂದು ವೇಷ ಹಾಕಿಸಿ ಹೇಳುವುದು ಬೇಡ.

2025ರ ಆಗಸ್ಟಿನಲ್ಲಿ ಆ ಹುಡುಗಿಗೆ 21 ತುಂಬಿತು. ಓದು ಮುಗಿಯಲು ಇನ್ನೂ ಒಂದು ವರ್ಷವಿದೆ. ವಿದ್ಯಾರ್ಥಿ ವೀಸಾ ಪಡೆಯಲು ಭಾರತಕ್ಕೆ ಬಂದು ತಾತನ ಮನೆಯಲ್ಲಿದ್ದಳು. ಒಂದು ಮಧ್ಯಾಹ್ನ ತಾತನೊಡನೆ ನಮ್ಮ ಮನೆಗೆ ಬಂದಳು. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಓದಲು ಬಾರದು. ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು: ಹನ್ನೆರಡು ವರ್ಷದ ಅವಳು, ಪಕ್ಕದಲ್ಲಿ ಪುಟ್ಟ ತಮ್ಮ, ಹಿಂದೆ ನಯಾಗರ. "ನಾವು ಆಗ ಅಲ್ಲಿನ ರೆಸಿಡೆಂಟ್ಸ್ ಆಗಿದ್ವಂತೆ, ನಿಜಾನಾ ತಾತ?" ಎಂದು ನನ್ನನ್ನು ಕೇಳಿದಳು. ನಿಜ ಎಂದೆ. ಮತ್ತೆ ಯಾಕೆ ಹೋಗಲಿಲ್ಲ ಎಂದಳು. ಅವಳ ತಾತ ಕಿಟಕಿಯ ಕಡೆ ನೋಡುತ್ತಿದ್ದರು. ನಾನು ಹೋಗಬೇಡವೆಂದು ಹೇಳಿದೆನೆಂದು ಹೇಳಿದೆ. ಅವಳು ಏನೂ ಅನ್ನಲಿಲ್ಲ. ನಮ್ಮ ಮನೆಯವರು ಕೊಟ್ಟ ಕಾಫಿ ಕುಡಿದಳು.

ವಿದ್ಯಾರ್ಥಿ ವೀಸಾ ಕೇಳುವವರು, ಓದು ಮುಗಿದ ಮೇಲೆ ಸ್ವದೇಶಕ್ಕೆ ಮರಳುತ್ತೇವೆಂದು ಚೆನ್ನೈಯ ದೂತಾವಾಸದ ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ನಾಲ್ಕನೆಯ ವರ್ಷದಲ್ಲಿ ಬಿಟ್ಟುಹೋದ ಊರಿನಲ್ಲಿ ತನ್ನ ಬೇರಿದೆ ಎಂದು ಅವಳು ತೋರಿಸಬೇಕಿತ್ತು. ಅದಕ್ಕಾಗಿ ತಾತ ಹೊಸದುರ್ಗದ ತಾಲ್ಲೂಕು ಕಚೇರಿಯಿಂದ ತೋಟದ ಪಹಣಿ ತೆಗೆಸಿ ತಂದಿದ್ದರು. ಮರುದಿನ ರಾತ್ರಿ ಹೊಸದುರ್ಗ ರೋಡ್ ನಿಲ್ದಾಣದಲ್ಲಿ ರೈಲು ಹಿಡಿದು ಬೆಂಗಳೂರಿಗೆ, ಅಲ್ಲಿಂದ ಚೆನ್ನೈಗೆ ಹೊರಡುವವರಿದ್ದರು. ಹೊರಡುವ ಮುನ್ನ ಅವರು ಪಹಣಿಯನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಖಾತೆ ಇನ್ನೂ ಅಣ್ಣತಮ್ಮಂದಿರ ಜಂಟಿ ಹೆಸರಿನಲ್ಲಿಯೇ ಇತ್ತು. "ಇದು ನಡೆದೀತಾ ಮೇಷ್ಟ್ರೇ?" ಎಂದು ಕೇಳಿದರು.

ನನಗೆ ತಿಳಿಯದು ಎಂದೆ.