ತೋಳಿಗೆ ತಕ್ಕ ಬಿಲ್ಲು

ನಮ್ಮ ಕುಂದೂರಿನ ಕಡೆ ಶಿಕಾರಿಯ ಮಾತು ಬಂತೆಂದರೆ ಗಂಡಸರ ದನಿ ತಾನಾಗಿಯೇ ದಪ್ಪಗಾಗುತ್ತದೆ. ಹೋದ ದೀಪಾವಳಿಗೆ ಬೆಂಗಳೂರಿನಿಂದ ಬಂದಿದ್ದ ನಮ್ಮ ನೆಂಟರ ಹುಡುಗ ಹೊಸ ಬಿಲ್ಲೊಂದನ್ನು ತಂದಿದ್ದ. 60 ಪೌಂಡಿನದಂತೆ. ಕಾಫಿ ತೋಟದ ಅಂಚಿನಲ್ಲಿ ಮೊಲ ಹೊಡೆಯುವ ಆಸೆ ಅವನಿಗೆ. ಜಗಲಿಯಲ್ಲಿ ಕೂತವರೆಲ್ಲ ಸರದಿಯ ಮೇಲೆ ಎಳೆದು ನೋಡಿದರು. ಒಬ್ಬರಿಗೂ ನೆಟ್ಟಗೆ ಎಳೆಯಲಾಗಲಿಲ್ಲ. ಆದರೂ 'ಬಿಲ್ಲು ಅಂದ್ರೆ ಇದಪ್ಪಾ' ಎಂದು ಹೊಗಳಿದ್ದೇ ಹೊಗಳಿದ್ದು. ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ನನಗೆ ಮೊದಲು ನಗು ಬಂತು, ಹಿಂದೆಯೇ ಸಿಟ್ಟು ಬಂತು.

ನಗು ಏಕೆಂದರೆ, ಮೊಲಕ್ಕೆ 60 ಪೌಂಡು ಯಾಕೆ? ಬೇಟೆಗೆ ಕಾನೂನಿನ ಒಪ್ಪಿಗೆಯಿರುವ ದೇಶಗಳಲ್ಲೂ ಅಷ್ಟು ಸಣ್ಣ ಪ್ರಾಣಿಗೆ 25-30 ಪೌಂಡು ಸಾಕು ಅನ್ನುತ್ತಾರೆ. ಅಲ್ಲಿ ಬೇಕಾದದ್ದು ಗುರಿ, ಬಲವಲ್ಲ. ತನ್ನ ಶಕ್ತಿಗೆ ಮೀರಿದ ಬಿಲ್ಲು ಎಳೆದವನ ಕೈ ನಡುಗುತ್ತದೆ, ಬಾಣ ಓರೆಯಾಗುತ್ತದೆ. ಅರೆಪೆಟ್ಟು ತಿಂದ ಮೊಲ ಯಾವುದೋ ಪೊದೆಯಲ್ಲಿ ನರಳಿ ಸಾಯುತ್ತದೆ. ಇದು ಪೌರುಷವೇ? ನಮ್ಮಲ್ಲಂತೂ ಆ ಪ್ರಶ್ನೆಯೇ ಏಳಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಸಣ್ಣ ಬೇಟೆಗೆಂದು ಪರವಾನಗಿ ಇತ್ತು. 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಮೊಲ ಹೊಡೆದರೆ ಅಪರಾಧ, ಅಷ್ಟೇ.

ಸಿಟ್ಟಿನ ಕಾರಣ ಹಳೆಯದು. ಕೆಲವು ವರ್ಷಗಳ ಹಿಂದೆ ಶಾಲೆಯ ಮಕ್ಕಳನ್ನು ಒಂದು ಬೇಸಿಗೆ ಶಿಬಿರಕ್ಕೆ ಕರೆದೊಯ್ದಿದ್ದೆ. ಬಿಲ್ಲು ಕಲಿಸುವವರು ಗಂಡು-ಹೆಣ್ಣು, ದೊಡ್ಡವರು-ಚಿಕ್ಕವರು ಎನ್ನದೆ ಎಲ್ಲರ ಕೈಗೂ ಒಂದೇ 40 ಪೌಂಡಿನ ಬಿಲ್ಲು ಕೊಟ್ಟರು. ಎಂಟನೇ ಕ್ಲಾಸಿನ ನಮ್ಮ ಹುಡುಗಿ ಹಲ್ಲು ಕಚ್ಚಿ ಎಳೆದಳು. ಹೆದೆ ಜಾರಿ ಮುಂಗೈಗೆ ಬಡಿದು ಬಾಸುಂಡೆ ಎದ್ದಿತು. 'ಇದು ಹೆಣ್ಣುಮಕ್ಕಳಿಗೆ ಹೇಳಿದ್ದಲ್ಲ ಬಿಡಮ್ಮ' ಎಂದು ಅವರು ನಕ್ಕರು. ಹುಡುಗರೂ ನಕ್ಕರು. ನಾನು ಟೀಚರು, ಸುಮ್ಮನೆ ನಿಂತಿದ್ದೆ. ಆ ಮೌನಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ.

ಆಮೇಲೆ ಹುಡುಕಿ ಓದಿ ತಿಳಿದುಕೊಂಡೆ. ಲೆಕ್ಕ ಬಹಳ ಸುಲಭ. ಎರಡೂ ತೋಳು ಚಾಚಿ ನಿಂತು, ಈ ನಡುಬೆರಳ ತುದಿಯಿಂದ ಆ ನಡುಬೆರಳ ತುದಿಯವರೆಗೆ ಇಂಚಿನಲ್ಲಿ ಅಳೆಯಿರಿ. ಅದನ್ನು ಎರಡೂವರೆಯಿಂದ ಭಾಗಿಸಿದರೆ ನಿಮ್ಮ ಎಳೆತದ ಉದ್ದ ಸುಮಾರಾಗಿ ಸಿಗುತ್ತದೆ. 60 ಇಂಚಾದರೆ 24. ಗಾಲಿಯಿಲ್ಲದ ಸಾಧಾರಣ ಬಿಲ್ಲಿನ ಮೇಲೆ ಬರೆದಿರುವ ತೂಕ 28 ಇಂಚಿನ ಎಳೆತಕ್ಕೆ. ಒಂದೊಂದು ಇಂಚು ಕಡಿಮೆಯಾದಾಗಲೂ ಸುಮಾರು ಎರಡು ಪೌಂಡು ಇಳಿಯುತ್ತದೆ. ಹಾಗೆ ನೋಡಿದರೂ ನಮ್ಮ ಹುಡುಗಿಯ ಮೂರು ಬೆರಳಿನ ಮೇಲೆ ಬಿದ್ದದ್ದು 32 ಪೌಂಡು, ಅಂದರೆ ಹದಿನಾಲ್ಕು ಕಿಲೋಗೂ ಹೆಚ್ಚು! ಹೊಸದಾಗಿ ಕಲಿಯುವ ಮಗುವಿಗೆ ಕೊಡಬೇಕಾದದ್ದು ಹದಿನೈದೋ ಇಪ್ಪತ್ತೋ ಪೌಂಡಿನದು. ಸೋತದ್ದು ಅವಳಲ್ಲ, ಅಳೆಯದೆ ಕೊಟ್ಟವರು.

ನೀವೇ ಹೇಳಿ, ಟೇಪು ಹಿಡಿಯದೆ ರವಿಕೆ ಹೊಲಿಯುವ ದರ್ಜಿ ಉಂಟೇ? ಹೊಲಿದದ್ದು ಬಿಗಿಯಾದರೆ 'ನಿಮ್ಮ ತೋಳೇ ಸರಿಯಿಲ್ಲ' ಎಂದರೆ ಸುಮ್ಮನಿರುತ್ತೀರಾ? ಬಿಲ್ಲಿನ ವಿಷಯದಲ್ಲಿ ಮಾತ್ರ ಸುಮ್ಮನಿರುತ್ತೇವೆ.

ಬಿಲ್ಲು ಹೆಣ್ಣಿಗಲ್ಲ ಎನ್ನುವವರು ಒಮ್ಮೆ ಬೇಲೂರಿಗೆ ಹೋಗಿಬರಲಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಚೆನ್ನಕೇಶವನ ಗುಡಿಯ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯೂ ಇದ್ದಾಳೆ. ಕಲ್ಲಿನವಳು ಬೇಡವೆಂದರೆ ಜಮ್ಮುವಿನ ಕಿಶ್ತ್ವಾರದ ಶೀತಲ್ ದೇವಿಯನ್ನು ನೋಡಲಿ. ಹುಟ್ಟಿನಿಂದ ಎರಡು ತೋಳೂ ಇಲ್ಲದ ಹುಡುಗಿ. ಕಾಲಿನಲ್ಲಿ ಬಿಲ್ಲು ಹಿಡಿದು, ಹೆಗಲಿನಿಂದ ಎಳೆದು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸಿನಲ್ಲಿ ಮಿಶ್ರ ತಂಡದ ಕಂಚು ಗೆದ್ದಳು. ಅವಳಿಗೆ ಕಲಿಸಿದವರು 'ನಿನ್ನಿಂದಾಗದು' ಎನ್ನಲಿಲ್ಲ. ಅವಳ ಮೈಗೆ ಹೊಂದುವ ಸಲಕರಣೆ ಮಾಡಿಕೊಟ್ಟರು.

ನೆಂಟರ ಹುಡುಗನಿಗೆ ಅಂದೇ ಹೇಳಿದೆ: 'ಮೊಲವನ್ನು ಅದರ ಪಾಡಿಗೆ ಬಿಡು. ಹಿತ್ತಲಲ್ಲಿ ಹುಲ್ಲಿನ ಹೊರೆ ಕಟ್ಟಿ ಕೊಡುತ್ತೇನೆ, ಮೊದಲು ನಿನ್ನ ತೋಳು ಅಳೆದುಕೋ.' ಅವನು ಮುಖ ಸಣ್ಣದು ಮಾಡಿದ. ಮಾಡಲಿ.

ತಾಯಂದಿರಿಗೆ ನನ್ನದೊಂದೇ ಮಾತು. ಮಗಳನ್ನು ಶಿಬಿರಕ್ಕೆ ಕಳಿಸುವಾಗ ಊಟದ ಡಬ್ಬಿಯ ಜೊತೆ ಅಳತೆಯ ಟೇಪನ್ನೂ ಇಡಿ. 'ಹೆಣ್ಣುಮಕ್ಕಳಿಗೆ ಆಗಲ್ಲ' ಎಂದು ಯಾರಾದರೂ ಅಂದರೆ ನನ್ನ ಹಾಗೆ ಸುಮ್ಮನೆ ನಿಲ್ಲಬೇಡಿ. 'ಅಳೆದು ನೋಡಿದಿರಾ?' ಎಂದು ಕೇಳಿ.