ಮಾಳಿಗೆಯ ಗಳಿಕೆ

ಮಕ್ಕಳೇ, ನಮ್ಮ ಜುಗೂಳದಲ್ಲಿ ಮಾಳಿಗೆ ಎಂದರೆ ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಒಣಗಿಸುವ ಜಾಗ. ಕೃಷ್ಣಾ ನದಿಯ ಆಚೆ ದಂಡೆಯ ಖಿದ್ರಾಪುರದಲ್ಲೂ ಹಾಗೆಯೇ. ಬಿಸಿಲು ಕೂಲಿ ಕೇಳದೆ ದುಡಿಯುತ್ತದೆ. ಅದೇ ಬಿಸಿಲಿನಿಂದ ರೊಕ್ಕವೂ ಉಳಿದೀತೇ? ಬೆಳಗಾವಿಯಲ್ಲಿರುವ ಮಗನ ಅಪಾರ್ಟ್‌ಮೆಂಟಿಗೆ ಹೋದಾಗ ಈ ಲೆಕ್ಕ ನನ್ನ ಪಾಲಿಗೆ ಬಂತು.

ಅಲ್ಲಿ 20 ಮನೆಗಳು. “ಅಜ್ಜಾ, ಪಪ್ಪಾ ತಿಂಗಳಾ ಮೆಂಟೆನನ್ಸ್ ಅಂತ 2,000 ರೂಪಾಯಿ ಕೊಡ್ತಾನಲಾ, ಅದು ಯಾತಕ್ಕ?” ಎಂದಳು ಮೊಮ್ಮಗಳು. ಕಾವಲುಗಾರನ ಪಗಾರ, ಕಸಗುಡಿಸುವವರ ಪಗಾರ, ಲಿಫ್ಟ್, ನೀರಿನ ಮೋಟಾರು, ಮೆಟ್ಟಿಲ ದೀಪ. ಕಾಲು ಪಾಲು ಕರೆಂಟ್ ಬಿಲ್ಲಿಗೇ ಹೋಗುತ್ತಿತ್ತು.

ಅಂದು ಸಂಜೆ ಸಭೆ. ಮಾಳಿಗೆಯ ಮೇಲೆ 10 ಕಿಲೋವ್ಯಾಟ್ ಸೋಲಾರ್ ಹಾಕಿಸಬೇಕೇ ಎಂಬುದು ಪ್ರಶ್ನೆ. ಬ್ಯಾಂಕಿನ ಗುಮಾಸ್ತನಾಗಿದ್ದವನೆಂದು ಪೆನ್ನು ನನ್ನ ಕೈಗೆ ಕೊಟ್ಟರು.

ನೀವೂ ಲೆಕ್ಕ ಹಾಕಿ. 1 ಕಿಲೋವ್ಯಾಟ್ ಫಲಕ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಮಳೆಗಾಲದಲ್ಲಿ ಕಡಿಮೆ, ಬೇಸಿಗೆಯಲ್ಲಿ ಹೆಚ್ಚು. 10 ಕಿಲೋವ್ಯಾಟಿಗೆ 40 ಯೂನಿಟ್, ತಿಂಗಳಿಗೆ 1,200. ಹಗಲು ಹೆಚ್ಚಾದ ಕರೆಂಟು ಹೆಸ್ಕಾಂ ತಂತಿಗೆ ಹೋಗುತ್ತದೆ, ರಾತ್ರಿ ಬೇಕಾದದ್ದು ಬರುತ್ತದೆ. ಎರಡನ್ನೂ ಅಳೆಯುವ ಮೀಟರು ಬೇರೆ ಇರುತ್ತದೆ, ವ್ಯತ್ಯಾಸಕ್ಕಷ್ಟೇ ಬಿಲ್ಲು. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ ಉಳಿತಾಯ 8,400. ಮನೆಗೆ 420.

ಇನ್ನು ಖರ್ಚು. ಹಾಕಿಕೊಡುವವರು ಹೇಳಿದ ಬೆಲೆ 5,50,000. 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಇಂಥ ಸಂಘಗಳ ಸಾಮೂಹಿಕ ಬಳಕೆಗೆ ಕಿಲೋವ್ಯಾಟಿಗೆ 18,000 ರೂಪಾಯಿ ಸಹಾಯಧನ. 1,80,000 ಕಳೆದರೆ ಉಳಿದದ್ದು 3,70,000. ಮನೆಗೆ 18,500.

ಎಲ್ಲರೂ ತಲೆಯಾಡಿಸಿದರು. ಆಗ ಕೆಳಗಿನ ಮನೆಯ ಅಜ್ಜಿ ಎದ್ದರು. ಪಿಂಚಣಿಯಲ್ಲಿ ಒಬ್ಬರೇ ಬದುಕುವವರು. “ತಮ್ಮಾ, ನಾ ಲಿಫ್ಟ್ ಹತ್ತೂದಿಲ್ಲ. ಇಷ್ಟು ರೊಕ್ಕಾ ಎಲ್ಲಿಂದ ತರಲಿ? ಅದು ತಿರುಗಿ ಬರೂತನಾ ನಾ ಇರತೀನೋ ಇಲ್ಲೋ.”

ನನ್ನ ಪೆನ್ನು ನಿಂತಿತು. ಕೂಡಿದ್ದು, ಕಳೆದದ್ದು ಸರಿಯಿತ್ತು. ಭಾಗಿಸಿದ್ದು ಮಾತ್ರ ತಪ್ಪಿತ್ತು.

ಹೊಸ ಹಾಳೆ ತೆಗೆದೆ. ಸಂಘದ ಹೆಸರಲ್ಲಿ ಬ್ಯಾಂಕಿನಲ್ಲಿ ಠೇವಣಿ ಇತ್ತು. ಖರ್ಚನ್ನು ಅದರಿಂದಲೇ ತೆಗೆಯುವುದು. ತಿಂಗಳ 420ನ್ನು ಮೂರು ಪಾಲು ಮಾಡುವುದು. 220 ಠೇವಣಿಗೆ ಮರಳಿ. ಸುಮಾರು ಏಳು ವರ್ಷಕ್ಕೆ ತೀರುತ್ತದೆ. 100 ರಿಪೇರಿಗೆ, ಫಲಕ 25 ವರ್ಷ ಬಾಳಿದರೂ ಇನ್ವರ್ಟರು ಅಷ್ಟು ಬಾಳುವುದಿಲ್ಲ. ಉಳಿದ 100 ಮೊದಲ ತಿಂಗಳಿಂದಲೇ ಎಲ್ಲರ ಮೆಂಟೆನನ್ಸಿನಲ್ಲಿ ಕಡಿತ.

“ಠೇವಣಿಯ ಬಡ್ಡಿ ಹೋಗ್ತದಲ್ಲರೀ?” ಎಂದರೊಬ್ಬರು. ಹೌದು, ಹೋಗುತ್ತದೆ. ಅದನ್ನೂ ಹಾಳೆಯಲ್ಲಿ ಬರೆದೆ. ಆದರೆ ಯಾರ ಮನೆಯ ಸಾಸಿವೆ ಡಬ್ಬಿಗೂ ಕೈ ಹಾಕಬೇಕಿಲ್ಲ. ಸಭೆ ಒಪ್ಪಿತು.

“ಬರೇ 100 ರೂಪಾಯಿನಾ?” ಮೊಮ್ಮಗಳು ಮೂತಿ ಉಬ್ಬಿಸಿದಳು.

“ನನ್ನ ಬಿ.ಪಿ. ಗುಳಿಗಿ ಅದರಾಗ ಬರ್ತಾವ, ಅವ್ವಾ,” ಎಂದರು ಅಜ್ಜಿ.

ಈ ವಾರದ ಕೆಲಸ: ಮನೆಯ ಕರೆಂಟ್ ಬಿಲ್ಲು ತನ್ನಿ. ಅಜ್ಜ–ಅಜ್ಜಿಯ ಪಕ್ಕ ಕುಳಿತು ಯೂನಿಟ್ ಎಷ್ಟೆಂದು ಓದಿ, 30ರಿಂದ ಭಾಗಿಸಿ. ದಿನಕ್ಕೆ ನಿಮ್ಮ ಮಾಳಿಗೆ ಎಷ್ಟು ದುಡಿಯಬೇಕೆಂದು ಗೊತ್ತಾಗುತ್ತದೆ.